ಆರು ಮುದುಕಿಯರು, ಒಂದು ಬಾವಿ

ಯುವಜನೋತ್ಸವದ ಅರ್ಜಿಯಲ್ಲಿ ‘ಪರಿಕಲ್ಪನೆ ಮತ್ತು ನಿರ್ದೇಶನ’ ಎಂಬ ಕಾಲಮ್ಮಿತ್ತು. ನಾನು ನನ್ನ ಹೆಸರು ಬರೆದೆ. ನಿರ್ದೇಶನ ನನ್ನದೇ, ಅದರಲ್ಲಿ ಸುಳ್ಳಿಲ್ಲ. ಪರಿಕಲ್ಪನೆ ಮಾತ್ರ ದನೀಲ್ ಖಾರ್ಮ್ಸ್ ಎಂಬ ರಷ್ಯನ್ ಲೇಖಕನದು. ಅವನು 1942ರಲ್ಲಿ, ಲೆನಿನ್‌ಗ್ರಾಡಿಗೆ ಮುತ್ತಿಗೆ ಬಿದ್ದಿದ್ದಾಗ, ಸೆರೆಯಲ್ಲಿ ಹಸಿವಿನಿಂದ ಸತ್ತವನು. ಸತ್ತವರು ಯುವಜನೋತ್ಸವಕ್ಕೆ ಬಂದು ತಕರಾರು ಮಾಡುವುದಿಲ್ಲ ಎಂಬ ಧೈರ್ಯ ನನಗಿದ್ದಿರಬೇಕು.

ಇದು ಎಂಟು ವರ್ಷದ ಹಿಂದಿನ ಮಾತು. ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕಾರಣ, ಆ ಪ್ರಯೋಗಕ್ಕೆ ಬಹುಮಾನ ಬಂದದ್ದು. ಸೋತಿದ್ದರೆ ಅಂದೇ ನಾಲ್ಕು ಜನರ ಮುಂದೆ ಹೇಳಿಕೊಂಡು ಹಗುರಾಗುತ್ತಿದ್ದೆ.

ನಮ್ಮೂರು ಹತ್ತರಗಿ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಓಡಾಡುವವರಿಗೆ ಇದು ಊರಲ್ಲ, ಟೋಲ್ ನಾಕಾ. ‘ಓ, ಹತ್ತರಗಿ ಟೋಲಾ?’ ಎನ್ನುತ್ತಾರೆ. ಮೊದಲು ಚಿಲ್ಲರೆ ಎಣಿಸುವಷ್ಟು ಹೊತ್ತಾದರೂ ಕಾರಿನ ಗಾಜು ಇಳಿಯುತ್ತಿತ್ತು. ಫಾಸ್ಟ್ಯಾಗ್ ಬಂದ ಮೇಲೆ ಅದೂ ಇಲ್ಲ. ಒಂದು ಬದಿಗೆ ಯಮಕನಮರಡಿ, ಇನ್ನೊಂದು ಬದಿಗೆ ಸಂಕೇಶ್ವರದ ದಾರಿ, ಹತ್ತಿರದಲ್ಲೇ ಘಟಪ್ರಭೆಗೆ ಕಟ್ಟಿದ ಹಿಡಕಲ್ ಅಣೆಕಟ್ಟು. ಆ ಹಿನ್ನೀರಿನಲ್ಲಿ ಹುನ್ನೂರಿನ ವಿಠ್ಠಲನ ಗುಡಿ ಮುಳುಗಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಮೈ ತೋರಿಸುತ್ತದೆ, ಮಳೆ ಬಂದರೆ ಮತ್ತೆ ಒಳಗೆ. ದೇವರನ್ನೇ ಹೀಗೆ ಸರದಿಯ ಮೇಲೆ ನೋಡುವ ಸೀಮೆಯಲ್ಲಿ ಕುಳಿತು ನಾನು ಅಸಂಗತ ಸಾಹಿತ್ಯವನ್ನು ರಷ್ಯದಿಂದ ತರಿಸಿಕೊಂಡೆ.

ಆ ಬಹುಮಾನದ ಹಿಂದಿನ ವರ್ಷ, ನಾನು ಪಾಠ ಮಾಡುತ್ತಿದ್ದ ಕಾಲೇಜಿನ ಹುಡುಗರು ಯುವಜನೋತ್ಸವದಲ್ಲಿ ಒಂದು ಏಕಾಂಕ ಆಡಿದ್ದರು. ನಾಟಕ ಮುಗಿದ ಮೇಲೆ ತೀರ್ಪುಗಾರರೊಬ್ಬರು ಮೈಕು ಹಿಡಿದು, ಅಭಿನಯ ಪರವಾಗಿಲ್ಲ, ಭಾಷೆ ತಿದ್ದಿಕೊಳ್ಳಬೇಕು ಎಂದರು. ‘ಹೋಗಾಕತ್ತೀನಿ’ ಅಂತ ಸಾಯುವವನು ಹೇಳಿದರೆ ನಗು ಬರುತ್ತದೆ ಎಂದು ಹೇಳಿ, ಆ ಮಾತನ್ನು ಮೂಗಿನಿಂದ ಎಳೆದು ತೋರಿಸಿದರು. ಸಭಾಂಗಣ ನಕ್ಕಿತು. ಸಾಯುವ ಪಾತ್ರ ಮಾಡಿದ ಹುಡುಗ ಬಣ್ಣ ಒರೆಸಿಕೊಳ್ಳುತ್ತ ನಿಂತಿದ್ದ. ಅವನ ಕಿವಿ ಕೆಂಪಗಾದದ್ದು ನನಗೆ ಕಂಡಿತು.

ನಾನು ಹೊರಗೆ ಬಂದು ತೀರ್ಪುಗಾರರನ್ನು ಬಾಯಿಗೆ ಬಂದಂತೆ ಬೈದೆ. ಹುಡುಗರಿಗೆ ಖುಷಿಯಾಯಿತು. ಆದರೆ ರಾತ್ರಿ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಅವರು ಗಲಾಟೆ ಮಾಡುತ್ತಿದ್ದಾಗ, ಆ ‘ಆಕತ್ತೀನಿ’, ‘ಬರಾಕತ್ತಾನ’, ನಡುನಡುವೆ ಬೀಳುವ ಮರಾಠಿ ಶಬ್ದ, ಇವೆಲ್ಲ ಮೊದಲ ಸಲ ನನ್ನ ಕಿವಿಗೆ ಚುಚ್ಚಿದವು. ನನಗೆ ನಾಚಿಕೆಯಾಯಿತು. ನಾಚಿಕೆ ತೀರ್ಪುಗಾರರ ಬಗ್ಗೆ ಅಲ್ಲ, ನನ್ನ ಹುಡುಗರ ಬಗ್ಗೆ. ನನ್ನ ಅವ್ವನೂ ಹಾಗೇ ಮಾತಾಡುತ್ತಾಳೆ ಎಂಬುದು ಗೊತ್ತಿದ್ದೂ ಆಯಿತು.

ಘೋಡಗೇರಿ ನಮ್ಮ ಹುಕ್ಕೇರಿ ತಾಲ್ಲೂಕಿನದೇ ಊರು. ಅಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು 1964ರಲ್ಲೇ ‘ಹೇಳತೇನ ಕೇಳ’ ಎಂದು ಪುಸ್ತಕದ ಹೆಸರಿನಲ್ಲೇ ಈ ಮಾತನ್ನು ಕನ್ನಡದ ನಡುಮನೆಗೆ ತಂದು ಕೂಡಿಸಿದವರು. ‘ಚಾಳೇಶ’ದಂಥ ಅಸಂಗತದ ಗಾಳಿ ಬೀಸಿದ ನಾಟಕವನ್ನೂ ಅವರು ಬರೆದರು, ‘ಜೋಕುಮಾರಸ್ವಾಮಿ’ಯನ್ನೂ ಬರೆದರು, ಜ್ಞಾನಪೀಠವೂ ಬಂತು. ಧಾರವಾಡದಲ್ಲಿ ಚಂಪಾ ‘ಕೊಡೆಗಳು’ ಬರೆದು ಅಸಂಗತ ನಾಟಕಕ್ಕೆ ಉತ್ತರ ಕರ್ನಾಟಕದ ನಾಲಿಗೆಯ ಚುರುಕು ಕೊಟ್ಟರು. ಇವನ್ನೆಲ್ಲ ನಾನೇ ತರಗತಿಯಲ್ಲಿ ಪಾಠ ಮಾಡುತ್ತಿದ್ದೆ. ಪಾಠ ಮಾಡುವವನಿಗೆ ಪಾಠ ತಾಗಲೇಬೇಕೆಂದು ನಿಯಮವಿಲ್ಲವಲ್ಲ.

ಮುಂದಿನ ವರ್ಷ ಏಕಾಂಕ ಬೇಡ, ಮೂಕಾಭಿನಯ ಮಾಡೋಣ ಎಂದೆ. ಕರಪತ್ರದಲ್ಲಿ ‘ಮಾತು ಸೋಲುವಲ್ಲಿ ಮೌನ ಆರಂಭ’ ಎಂದು ಬರೆಸಿದೆ. ಮಾರ್ಸೆಲ್ ಮಾರ್ಸೋ 1951ರಲ್ಲಿ ಗೊಗೊಲ್‌ನ ‘ಓವರ್‌ಕೋಟು’ ಕಥೆಯನ್ನು ಮಾತಿಲ್ಲದೆ ಆಡಿಸಿದ್ದನ್ನು ಹುಡುಗರಿಗೆ ಹೇಳಿದೆ. 1957ರಲ್ಲಿ ಲಂಡನ್ನಿನಲ್ಲಿ ಆಡಿದ ಬೆಕೆಟ್‌ನ ಮಾತಿಲ್ಲದ ನಾಟಕದ ಬಗ್ಗೆ ಹೇಳಿದೆ: ಮರಳುಗಾಡಿನಲ್ಲಿ ಒಬ್ಬ ಮನುಷ್ಯ, ಮೇಲಿನಿಂದ ಇಳಿದುಬರುವ ನೀರಿನ ಹೂಜಿ, ಕೈಚಾಚಿದರೆ ಮೇಲಕ್ಕೆ ಹೋಗುತ್ತದೆ. ಇದನ್ನು ಕೇಳಿ ಒಬ್ಬ ಹುಡುಗ, ‘ಸರ, ಇದು ನಮ್ಮ ಓಣಿ ನಳಾ ಆತ್ರಿ’ ಎಂದ. ನಾನು ನಕ್ಕು ಮುಂದೆ ಹೋದೆ. ಅಲ್ಲೇ ನಿಂತು ಯೋಚಿಸಬೇಕಿತ್ತು.

‘ಪುಷ್ಪಕ ವಿಮಾನ’ದ ಉದಾಹರಣೆಯನ್ನೂ ಕೊಟ್ಟೆ. 1987ರ ಸಿನಿಮಾ, ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನ, ಬೆಂಗಳೂರಿನಲ್ಲಿ ತೆಗೆದದ್ದು, ಒಂದೂ ಸಂಭಾಷಣೆಯಿಲ್ಲ. ನಾನದನ್ನು ಚಿಕ್ಕವನಿದ್ದಾಗ ಟೂರಿಂಗ್ ಟಾಕೀಸಿನಲ್ಲಿ ನೋಡಿದ್ದೆ. ಹುಡುಗರಿಗೆ ಹೇಳದೆ ಬಿಟ್ಟದ್ದು ಒಂದಿದೆ. ನಮ್ಮ ಟಾಕೀಸಿನಲ್ಲಿ ಆ ಸಿನಿಮಾ ಮೂಕವಾಗಿರಲಿಲ್ಲ. ಪರದೆಯ ಮೇಲೆ ಕಮಲಹಾಸನ್ ತುಟಿ ಬಿಚ್ಚದಿದ್ದರೆ ಏನಾಯಿತು, ನೆಲದ ಮೇಲೆ ಕೂತವರು ಅವನ ಪರವಾಗಿ ತಾವೇ ಮಾತಾಡುತ್ತಿದ್ದರು. ‘ಬಾಗಲಾ ತಗಿಯಬ್ಯಾಡೋ ಹುಚ್ಚಪ್ಪಾ!’

ಇನ್ನು ಖಾರ್ಮ್ಸ್‌ನ ಕಥೆ. ಒಂದು ಪುಟವೂ ಇಲ್ಲ. ವಿಪರೀತ ಕುತೂಹಲದಿಂದ ಮುದುಕಿಯೊಬ್ಬಳು ಕಿಟಕಿಯಿಂದ ಬಗ್ಗಿ ಬಿದ್ದು ಸಾಯುತ್ತಾಳೆ. ಬಿದ್ದವಳನ್ನು ನೋಡಲು ಬಗ್ಗಿದ ಎರಡನೆಯವಳೂ ಬೀಳುತ್ತಾಳೆ. ಹೀಗೆ ಮೂರು, ನಾಲ್ಕು, ಐದು. ಆರನೆಯವಳು ಬಿದ್ದಾಗ ಕಥೆ ಹೇಳುವವನಿಗೆ ಬೇಸರ ಬಂದು, ಅವನು ಸಂತೆಗೆ ಹೊರಟುಹೋಗುತ್ತಾನೆ. ಅಲ್ಲಿ ಕುರುಡನೊಬ್ಬನಿಗೆ ಯಾರೋ ಶಾಲು ಕೊಟ್ಟರಂತೆ. ಮುಗಿಯಿತು.

ನಾನು ಇದನ್ನು ಇಂಗ್ಲಿಷ್ ಅನುವಾದದಲ್ಲಿ ಓದಿದ್ದೆ. ಒಂದು ಸಂಜೆ ಬೇವಿನ ಮರದ ಕೆಳಗೆ ಆರೂ ಹುಡುಗರನ್ನು ಕೂಡಿಸಿ ಹೇಳಿದೆ. ಪುಸ್ತಕದ ಕನ್ನಡ ಬಾಯಿಗೆ ಬರಲಿಲ್ಲ, ಊರ ಮಾತಿನಲ್ಲೇ ಹೇಳಿದೆ. ಒಬ್ಬಾಕಿ ಮುದುಕಿಗೆ ಕಿಡಕ್ಯಾಗ ಹಣಿಕಿ ಹಾಕೂ ಚಟ ಇತ್ತು ಎಂದು ಶುರುಮಾಡಿದೆ. ಮೂರನೆಯವಳು ಬೀಳುವ ಹೊತ್ತಿಗೆ ಹುಡುಗರು ಹೊಟ್ಟೆ ಹಿಡಿದುಕೊಂಡಿದ್ದರು. ‘ಆರನೇದಾಕಿ ಬಿದ್ದಿಂದ ನನಗ ಬ್ಯಾಸರಾತು, ಎದ್ದು ಸಂತಿಗಿ ಹ್ವಾದ್ನಿ’ ಎಂದಾಗ ಒಬ್ಬ ನೆಲಕ್ಕೆ ಉರುಳಿಯೇ ಬಿಟ್ಟ. ‘ಯಾವ ಸಂತಿಗ್ರಿ ಸರ, ಯಮಕನಮರಡಿಗೋ?’ ಎಂದು ಇನ್ನೊಬ್ಬ ಕೇಳಿದ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ನಗು ಇಳಿದ ಮೇಲೆ ನಾನು ಗಂಭೀರವಾಗಿ ಹೇಳಿದೆ: ‘ಈಗ ಈ ಮಾತೆಲ್ಲ ಮರೀರಿ.’

ನನ್ನ ಇಡೀ ತಪ್ಪು ಆ ಒಂದು ವಾಕ್ಯದಲ್ಲಿದೆ. ಹುಡುಗರನ್ನು ನಗಿಸಿದ್ದು ಮುದುಕಿಯರು ಬಿದ್ದದ್ದಲ್ಲ. ಸಾವಿನ ಮುಂದೆ ನಿಂತು ‘ಬ್ಯಾಸರಾತು’ ಎನ್ನುವ ಆ ನಿರ್ಲಜ್ಜ ದನಿ. ಕಥೆಯೆಂದರೆ ಆ ದನಿಯೇ. ದನಿ ಕಳೆದರೆ ಉಳಿಯುವುದು ಏನು? ಒಬ್ಬರ ಹಿಂದೊಬ್ಬರು ಸಾಯುವ ಆರು ಹೆಂಗಸರು. ಇಷ್ಟು ಸರಳ ಲೆಕ್ಕ ನನಗೆ ಆಗ ಹೊಳೆಯಲಿಲ್ಲ, ಏಕೆಂದರೆ ನನ್ನ ಲಕ್ಷ್ಯ ಕಥೆಯ ಮೇಲಿರಲಿಲ್ಲ. ಹುಡುಗರ ಬಾಯಿ ಮುಚ್ಚಿಸುವುದಕ್ಕೆ ಯೋಗ್ಯವಾದ ಕಾರಣವೊಂದು ನನಗೆ ಬೇಕಿತ್ತು.

ಯುವಜನೋತ್ಸವದ ನಿಯಮದಲ್ಲಿ ಮೂಕಾಭಿನಯಕ್ಕೆ ಹೆಚ್ಚೆಂದರೆ ಆರು ಜನ, ಐದು ನಿಮಿಷ. ಆರು ಮುದುಕಿಯರು, ಆರು ಹುಡುಗರು. ಇದನ್ನು ಶುಭಶಕುನ ಎಂದುಕೊಂಡೆ.

ಕಿಟಕಿ ಕೂಡಲಿಲ್ಲ. ಬಹುಮಹಡಿಯ ಕಿಟಕಿಯನ್ನು ಹುಡುಗರ ಮೈ ಅರಿಯದು. ಎಷ್ಟು ಬಗ್ಗಿದರೂ ನಮ್ಮೂರ ಮನೆಯ ಕಿಡಕಿಯಿಂದ ಕಟ್ಟೆಯ ಮೇಲೆ ಬಿದ್ದಂತೆ ಕಾಣುತ್ತಿತ್ತು. ಕಬ್ಬಿನ ಲಾರಿ ಓಡಿಸುವವರ ಮಗನೊಬ್ಬ ಇದ್ದ, ತಂಡದಲ್ಲಿ ಅವನೇ ಚುರುಕು. ‘ಸರ, ಬಾಂವಿ ಮಾಡೂಣ್ರಿ’ ಎಂದ. ಕೂಡಲೇ ಎಲ್ಲವೂ ಜೀವ ತಳೆಯಿತು. ಗಡಗಡಿ, ಹಗ್ಗ, ಕೊಡ, ಸೆರಗು ಸಿಕ್ಕಿಸಿಕೊಳ್ಳುವ ರೀತಿ, ಬಗ್ಗುವಾಗ ಒಂದು ಕೈ ಸೊಂಟಕ್ಕೆ ಹೋಗುವುದು, ಯಾವುದನ್ನೂ ನಾನು ಕಲಿಸಬೇಕಾಗಲಿಲ್ಲ. ಅವರ ಅಜ್ಜಿಯರು ಅವರ ಮೈಯಲ್ಲಿದ್ದರು.

ಕಲಿಸಬೇಕಾದದ್ದು ಬಾವಿಯ ದಂಡೆ ಮಾತ್ರ. ಮೂಕಾಭಿನಯದಲ್ಲಿ ಇಲ್ಲದ ವಸ್ತು ಇದ್ದಲ್ಲೇ ಇರಬೇಕು. ಒಬ್ಬ ಸೊಂಟದ ಎತ್ತರಕ್ಕೆ ಕೈಯೂರಿದರೆ ಮುಂದಿನವನು ಒಂದಂಗುಲ ಕೆಳಗೆ ಊರಬಾರದು. ಊರಿದರೆ ದಂಡೆ ಕುಸಿಯಿತು, ಬಾವಿ ಸುಳ್ಳಾಯಿತು. ಎರಡು ಬೇವಿನ ಮರದ ನಡುವೆ ಹೂ ಕಟ್ಟುವ ದಾರ ಎಳೆದು ಕಟ್ಟಿದೆವು. ಆರು ಜೊತೆ ಅಂಗೈ ಆ ದಾರಕ್ಕೆ ತಾಗಬೇಕು, ದಾರ ಮಾತ್ರ ತುಯ್ಯಬಾರದು. ಹದಿನೈದು ದಿನ ಇದೇ. ಹದಿನಾರನೆಯ ದಿನ ಕತ್ತರಿ ತಂದು ದಾರ ಕತ್ತರಿಸಿದೆ. ಹನ್ನೆರಡು ಅಂಗೈ ಗಾಳಿಯಲ್ಲಿ ಅದೇ ಗೆರೆಯ ಮೇಲೆ ನಿಂತವು. ಹಾದಿಯಲ್ಲಿ ಹೋಗುತ್ತಿದ್ದ ಎಮ್ಮೆಯವನು ನಿಂತು, ಒಳಗೆ ನೀರಿದೆಯೇ ಎಂಬಂತೆ ಕತ್ತು ಚಾಚಿ ನೋಡಿದ. ಆ ಕ್ಷಣದ ಹೆಮ್ಮೆಯನ್ನು ನಾನು ಈಗಲೂ ವಾಪಸು ಕೊಡಲಾರೆ.

ಊರಿನ ಪ್ರದರ್ಶನಕ್ಕೆಂದು ಇನ್ನೊಂದು ತುಣುಕು ಸೇರಿಸಿದೆವು. ಕಾಫ್ಕಾ 1915ರಲ್ಲಿ ಅಚ್ಚು ಮಾಡಿಸಿದ ಬಾಗಿಲಿನ ಕಥೆ: ಹಳ್ಳಿಯವನೊಬ್ಬ ಕಾನೂನಿನ ಬಾಗಿಲಿಗೆ ಬಂದು ಒಳಗೆ ಬಿಡೆಂದು ಕೇಳುತ್ತಾನೆ. ಕಾವಲುಗಾರ ಈಗಲ್ಲ ಎನ್ನುತ್ತಾನೆ. ಹಳ್ಳಿಯವನು ಜೀವಮಾನವೆಲ್ಲ ಅಲ್ಲೇ ಕೂತು ಮುದುಕನಾಗುತ್ತಾನೆ. ಕೊನೆಗೆ ಕಾವಲುಗಾರ, ಈ ಬಾಗಿಲು ಇದ್ದದ್ದೇ ನಿನ್ನೊಬ್ಬನಿಗಾಗಿ, ಈಗ ಮುಚ್ಚುತ್ತೇನೆ ಎನ್ನುತ್ತಾನೆ. ಹತ್ತರಗಿಯಲ್ಲಿ ಇದು ಟೋಲ್ ನಾಕಾದ ಅಡ್ಡಗೋಲಾಗದೆ ಇನ್ನೇನಾದೀತು! ಆದರೆ ಕೊನೆಯ ಮಾತನ್ನು ಮೈಯಲ್ಲಿ ಹೇಳುವುದು ಹೇಗೆ? ‘ನಿನ್ನೊಬ್ಬನಿಗಾಗಿ’ ಎಂಬುದಕ್ಕೆ ಸನ್ನೆಯಿಲ್ಲ. ‘ಇದ್ದದ್ದು’ ಎಂಬ ಭೂತಕಾಲಕ್ಕೂ ಇಲ್ಲ. ಖಾರ್ಮ್ಸ್‌ನದೇ ಇನ್ನೊಂದು ಕಥೆಯಲ್ಲಿ ಕೆಂಗೂದಲಿನ ಮನುಷ್ಯನೊಬ್ಬನಿದ್ದಾನೆ. ಅವನಿಗೆ ಕಣ್ಣಿಲ್ಲ, ಕಿವಿಯಿಲ್ಲ, ಕೂದಲೂ ಇಲ್ಲ ಎನ್ನುತ್ತ ಕೊನೆಗೆ ಮನುಷ್ಯನೇ ಇಲ್ಲವಾಗುತ್ತಾನೆ. ಅದನ್ನು ಮಾಡಲು ಹೋಗಿ ಎರಡೇ ದಿನಕ್ಕೆ ಬಿಟ್ಟೆವು. ನಟ ಎದುರಿಗೆ ನಿಂತಿರುವಾಗ ಅವನು ಇಲ್ಲ ಎಂದು ನಂಬಿಸುವುದು ಹೇಗೆ? ಭಾಷೆ ಒಂದು ‘ಇಲ್ಲ’ದಲ್ಲಿ ಮುಗಿಸುವ ಕೆಲಸಕ್ಕೆ ಮೈಯ ಹತ್ತಿರ ಉಪಾಯವಿಲ್ಲ. ಇಷ್ಟೆಲ್ಲ ಗೊತ್ತಾದ ಮೇಲೂ ನನಗೆ ಮಾತಿನ ಮೇಲೆ ಗೌರವ ಮರಳಲಿಲ್ಲ.

ಅಡ್ಡಗೋಲಿನ ಸಮಸ್ಯೆಯನ್ನು ಬಿಡಿಸಿದವನೂ ಅದೇ ಲಾರಿಯವರ ಹುಡುಗ. ಕೊನೆಯಲ್ಲಿ ಕಾವಲುಗಾರ ಅಡ್ಡಗೋಲನ್ನು ಕಿತ್ತು ಹೆಗಲ ಮೇಲಿಟ್ಟುಕೊಂಡು ಮನೆಗೆ ಹೊರಡುತ್ತಾನೆ. ಮುದುಕ ಖಾಲಿ ರಸ್ತೆಯಲ್ಲಿ, ಇಲ್ಲದ ಗೇಟಿನ ಮುಂದೆ ನಿಂತೇ ಇರುತ್ತಾನೆ. ನಾನು ಮೂರು ವಾರ ತಲೆ ಕೆರೆದುಕೊಂಡದ್ದನ್ನು ಅವನು ಚಹಾ ಕುಡಿಯುತ್ತ ಹೇಳಿದ. ಅದೂ ನನ್ನ ಪರಿಕಲ್ಪನೆಯ ಖಾತೆಗೇ ಜಮಾ ಆಯಿತು.

ಯುವಜನೋತ್ಸವದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬಿಳಿ ಮುಖ, ಕಪ್ಪು ಅಂಗಿ, ಪ್ರತಿ ಬೀಳುವಿಕೆಗೂ ಪಕ್ಕದಿಂದ ಹಲಗೆಯ ಒಂದೇ ಪೆಟ್ಟು. ಮೊದಲ ಮುದುಕಿಗೆ ಸಣ್ಣ ನಗು, ಆರನೆಯವಳಿಗೆ ಇಡೀ ಸಭಾಂಗಣದ ನಗು. ಎರಡನೇ ಬಹುಮಾನ. ‘ವಿಶ್ವಮಟ್ಟದ ಪರಿಕಲ್ಪನೆ’ ಎಂದರು ತೀರ್ಪುಗಾರರು. ನಮ್ಮ ಭಾಷೆಯ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಅನ್ನಲು ಅದು ಅಲ್ಲಿರಲಿಲ್ಲ.

ಆ ಉಮೇದಿನಲ್ಲೇ ಊರ ಜಾತ್ರೆಗೆ ಆಡಿಸಿದೆ.

ಬಣ್ಣ ಹಚ್ಚಿಕೊಂಡು ವೇದಿಕೆಯ ಹಿಂದೆ ನಿಂತಾಗಲೇ ಮೊದಲ ಎಡವಟ್ಟು. ಬಣ್ಣ ಬಳಿದ ಮೇಲೆ ಮಾತಾಡಬಾರದೆಂದು ನಾನು ಕಟ್ಟಪ್ಪಣೆ ಮಾಡಿದ್ದೆ. ಒಬ್ಬ ಹಿರಿಯರು ಬಂದು ಹುಡುಗನೊಬ್ಬನನ್ನು ‘ಯಾರ ಪೈಕಿ ತಮ್ಮಾ?’ ಎಂದು ಕೇಳಿದರು. ಅವನು ಬಾಯಿ ಬಿಡಲಿಲ್ಲ. ಕೈಸನ್ನೆ ಮಾಡಿದ. ಹಿರಿಯರು ಅವನ ತಲೆ ನೇವರಿಸಿ, ‘ಮೂಕರ ಸಾಲಿ ಹುಡುಗರೇನ್ರಿ ಸರ? ದೇವರು ಹಿಂಗ್ಯಾಕ ಮಾಡ್ತಾನೋ’ ಎಂದು ಅಂಗಿಯ ಜೇಬಿನಿಂದ ಹತ್ತು ರೂಪಾಯಿ ತೆಗೆದು ಅವನ ಅಂಗೈಯಲ್ಲಿಟ್ಟರು. ಹುಡುಗ ನನ್ನ ಮುಖ ನೋಡಿದ. ಹಿಂದಿನ ವರ್ಷ ‘ಹೋಗಾಕತ್ತೀನಿ’ ಎಂದು ನಗೆಪಾಟಲಾದವನು ಅವನೇ. ನಾನು ಹಿರಿಯರಿಗೆ ನಿಜ ಹೇಳಬಹುದಿತ್ತು. ಪ್ರಯೋಗದ ಶಿಸ್ತು ಕೆಡುತ್ತದೆ ಎಂದು ಸುಮ್ಮನಿದ್ದೆ.

ಅಡ್ಡಗೋಲಿನ ತುಣುಕಿಗೆ ಊರು ಕುಣಿದಾಡಿತು. ಸಿಳ್ಳೆ, ಕೂಗು. ಯಾರೋ ಕಾವಲುಗಾರನಿಗೆ ‘ಏ, ಲೋಕಲ್ ಗಾಡಿ ಐತಿ, ಬಿಡೋ!’ ಎಂದು ಕೂಗಿದರು. ಟಾಕೀಸಿನಲ್ಲಿ ಮಾಡಿದಂತೆಯೇ ಮೌನದೊಳಗೆ ಮಾತು ತುಂಬುತ್ತಿದ್ದರು. ಅಸಂಗತ ಎಂದು ನಾನು ಪಾಠ ಮಾಡುತ್ತಿದ್ದದ್ದು ಇವರಿಗೆ ಪೇಪರಿನ ಸುದ್ದಿಯಷ್ಟೇ ಸಂಗತವಾಗಿತ್ತು.

ಆಮೇಲೆ ಬಾವಿ. ಮೊದಲ ಮುದುಕಿ ಬಿದ್ದಾಗ ಮುಂದೆ ಕೂತ ಮಕ್ಕಳು ನಕ್ಕರು. ಎರಡನೆಯವಳಿಗೆ ಗಂಡಸರ ಕಡೆ ಒಂದಿಷ್ಟು ನಗು. ಮೂರನೆಯವಳು ಬೀಳುವಾಗ ಹೆಂಗಸರು ಕೂತಿದ್ದ ಬದಿಯಿಂದ ಬಳೆಯ ಸದ್ದೂ ಬರಲಿಲ್ಲ. ನಾಲ್ಕನೆಯವಳ ಹೊತ್ತಿಗೆ ಒಬ್ಬ ಹೆಂಗಸು ಎದ್ದು, ಮಗುವನ್ನು ಕಂಕುಳಿಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಹೋದಳು. ಐದನೆಯ, ಆರನೆಯ ಹಲಗೆಯ ಪೆಟ್ಟು ಮೈದಾನದಲ್ಲಿ ಒಂಟಿಯಾಗಿ ಕೇಳಿಸಿತು. ನಟರು ಚೆನ್ನಾಗಿಯೇ ಆಡುತ್ತಿದ್ದರು. ದಂಡೆ ಒಂದಂಗುಲ ಅಲುಗಲಿಲ್ಲ. ಬಾವಿ ಅಷ್ಟು ನಿಜವಾಗಿತ್ತು.

ನಮ್ಮ ಕಡೆ ಹೆಂಗಸು ಮತ್ತು ಬಾವಿ ಎಂಬ ಎರಡು ಶಬ್ದ ಒಟ್ಟಿಗೆ ಬಂದರೆ ಯಾರೂ ಮುಂದಿನದನ್ನು ಕೇಳುವುದಿಲ್ಲ. ಎಷ್ಟೋ ಹೊಲದ ಬಾವಿಗಳನ್ನು ಜನ ಗುರುತಿಸುವುದು ಹೊಲದ ಮಾಲೀಕನ ಹೆಸರಿನಿಂದಲ್ಲ. ಇದನ್ನು ನಾನು ಬೇರೆ ಊರಿನವನಾಗಿ ಅರಿಯದೆ ಮಾಡಿದ್ದರೆ ಮಾತು ಬೇರೆ. ನಾನು ಈ ಊರಿನವನು, ನನ್ನ ಬಂಧುಗಳ ಹೊಲದಲ್ಲೂ ಅಂಥ ಬಾವಿಯಿದೆ. ಹದಿನೈದು ದಿನ ದಾರ ಕಟ್ಟಿ ದಂಡೆಯ ಎತ್ತರ ಅಳೆದವನು ಒಂದು ದಿನವೂ ಅದನ್ನು ನೆನೆಯಲಿಲ್ಲ.

ಎಲ್ಲ ಮುಗಿದು ಚಾಪೆ ಸುತ್ತುವಾಗ ಒಬ್ಬ ಅಜ್ಜಿ ಮೆಟ್ಟಿಲ ಹತ್ತಿರ ಬಂದು ನಿಂತಳು. ಸಿಟ್ಟಿರಲಿಲ್ಲ. ತಿಳಿದುಕೊಳ್ಳುವ ಮನಸ್ಸಿನಿಂದಲೇ ಕೇಳಿದಳು: ‘ಅಲ್ಲೋ ಯಪ್ಪಾ, ಆ ಆರೂ ಮಂದಿ ಹೆಸರು ಏನು?’

‘ಹೆಸರಿಲ್ಲ ಆಯಿ, ಅದು ಕಥಿ’ ಎಂದೆ.

‘ಕಥ್ಯಾಗೂ ಹೆಸರಿಲ್ಲೇನು?’ ಎಂದಳು. ಕಾಯಿ-ಕರ್ಪೂರದ ಚೀಲ ಎತ್ತಿಕೊಂಡು ಹೋದಳು.

ಅವಳಿಗೆ ಗೊತ್ತಿದ್ದ ಕಥೆಯಲ್ಲಿ ಹೆಸರಿದೆ. ‘ಕೆರೆಗೆ ಹಾರ’ದಲ್ಲಿ ನೀರಿಗೆ ಬಲಿಯಾದ ಕಿರಿಸೊಸೆ ಭಾಗೀರತಿ. ಅವಳು ಕೊನೆಯ ಸಲ ತವರಿಗೆ, ಗೆಳತಿಯ ಮನೆಗೆ ಹೋಗುತ್ತಾಳೆ, ಮಾತಾಡುತ್ತಾಳೆ. ಹಾಡುವವರು ಅವಳನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ, ಅವಳ ಜೊತೆಗೇ ನೀರೂ ಏರುತ್ತದೆ. ಯಾರಿಗೂ ಬೇಸರ ಬಂದು ಸಂತೆಗೆ ಹೋಗುವುದಿಲ್ಲ. ಕುಲಗೋಡ ತಮ್ಮಣ್ಣನ ಹೆಸರಿನ ಜೊತೆಗೇ ಬರುವ ನಮ್ಮ ಶ್ರೀಕೃಷ್ಣ ಪಾರಿಜಾತವನ್ನು ನೋಡಿ: ಭಾಗವತ ಮಾತಿಗೆ ಮಾತು ಕೊಡದಿದ್ದರೆ ಆಟ ಒಂದು ಹೆಜ್ಜೆ ಮುಂದೆ ಹೋಗದು. ಕೌಜಲಗಿ ನಿಂಗಮ್ಮ ಆ ಆಟದಲ್ಲಿ ಹೆಸರಾದದ್ದು ಮುಖಕ್ಕೆ ಬಿಳಿ ಬಳಿದುಕೊಂಡು ಸುಮ್ಮನೆ ನಿಂತಲ್ಲ. ಹೇಳುವವನೊಬ್ಬ ಇಲ್ಲದೆ ನಮ್ಮ ಜನ ಯಾವ ಕಥೆಯನ್ನೂ ಕಂಡವರಲ್ಲ. ಖಾರ್ಮ್ಸ್‌ಗೂ ಹೇಳುವವನು ಬೇಕಿತ್ತು, ಅದಕ್ಕೇ ಆ ಬೇಸರಗೊಂಡ ಮನುಷ್ಯನನ್ನು ಕಥೆಯಲ್ಲಿಟ್ಟಿದ್ದ. ಅವನನ್ನು ಹೊರಹಾಕಿದವನು ನಾನು.

ಖಾರ್ಮ್ಸ್‌ನ ಬಗ್ಗೆ ಒಂದು ವಿಷಯ ಆಮೇಲೆ ಓದಿದೆ. ಬದುಕಿರುವಾಗ ಅವನ ಮಕ್ಕಳ ಪುಸ್ತಕಗಳಷ್ಟೇ ಓದುಗರಿಗೆ ಗೊತ್ತಿದ್ದವು. ಈ ಮುದುಕಿಯರ ಕಥೆಯಂಥವು ಹಸ್ತಪ್ರತಿಯಲ್ಲೇ ಉಳಿದಿದ್ದವು. ಮುತ್ತಿಗೆಯ ಚಳಿಯಲ್ಲಿ, ತಾನೂ ಹಸಿದಿದ್ದ ಅವನ ಗೆಳೆಯ ಯಾಕೋವ್ ದ್ರುಸ್ಕಿನ್ ಆ ಮನೆಗೆ ಹೋಗಿ, ಕಾಗದಗಳನ್ನೆಲ್ಲ ಒಂದು ಸೂಟ್‌ಕೇಸಿಗೆ ತುಂಬಿ ತಂದು ಕಾಪಾಡಿದ. ಹಾಗೆ ಉಳಿದುಬಂದ ಮಾತುಗಳಲ್ಲಿ ಒಂದನ್ನೂ ನಾನು ಬಳಸಲಿಲ್ಲ. ಬರೆದವನ ಹೆಸರನ್ನೂ ಬರೆಯಲಿಲ್ಲ.

ಆ ಪ್ರಯೋಗವನ್ನು ಮತ್ತೆ ಆಡಿಸಲಿಲ್ಲ. ಹುಡುಗರು ಎರಡು ಮೂರು ಸಲ ಕೇಳಿದರು, ಪರೀಕ್ಷೆ ಹತ್ತಿರ ಬಂತು ಎಂದೆ. ಅವರೀಗ ಒಬ್ಬೊಬ್ಬರು ಒಂದೊಂದು ಕಡೆ ಇದ್ದಾರೆ. ಲಾರಿಯವರ ಹುಡುಗ ಪುಣೆಯ ಕಡೆ ಕೆಲಸದಲ್ಲಿದ್ದಾನೆ. ಹತ್ತು ರೂಪಾಯಿಯ ಹುಡುಗ ಇಲ್ಲೇ ಇದ್ದಾನೆ. ಸಂತೆಯಲ್ಲಿ ಸಿಕ್ಕಾಗ ‘ಸರ, ಹೊಸಾ ನಾಟಕ ಯಾವಾಗ್ರಿ?’ ಎಂದು ಕೇಳುತ್ತಾನೆ. ಆ ನೋಟನ್ನು ಏನು ಮಾಡಿದೆ ಎಂದು ನಾನು ಅವನನ್ನು ಇನ್ನೂ ಕೇಳಿಲ್ಲ.